ಹೈದರಾಬಾದಿಗೆ ಒಯ್ದ ಹನ್ನೆರಡು ಮೇಜು

ಊರು ಬಿಡುವ ಮುಂಚೆ

ಪರದೇಶಕ್ಕೆ ಹೋಗಬೇಕೆಂದರೆ ವಿಮಾನ ಹತ್ತಬೇಕು, ಪುಸ್ತಕದ ಮೇಲೆ ಠಸ್ಸೆ ಹೊಡೆಸಬೇಕು ಎಂದು ಓದಿದವರು ಹೇಳುತ್ತಾರೆ. ನನ್ನ ಲೆಕ್ಕ ಬೇರೆ. ಅಂಗಡಿಯ ಬೋರ್ಡು ಓದಲು ಬಾರದ ಊರು ಯಾವುದೋ ಅದೇ ನನಗೆ ಪರದೇಶ. ಆ ಲೆಕ್ಕದಲ್ಲಿ ಸುರಪುರದ ಬಡಿಗ ಮೌನಪ್ಪನಾದ ನಾನು ಐವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಪರದೇಶ ಕಂಡೆ. ಬರಿಗೈಯಲ್ಲಿ ಹೋಗಲಿಲ್ಲ, ಹನ್ನೆರಡು ಮೇಜುಗಳ ಸಮೇತ ಹೋದೆ.

ಮೇಜಿನ ಕತೆ ಮೊದಲು ಹೇಳಿಬಿಡುತ್ತೇನೆ. ನಮ್ಮ ಓಣಿಯಲ್ಲೇ ಹುಟ್ಟಿ ಬೆಳೆದ ಭೀಮಣ್ಣ ನನಗೆ ಒಡಹುಟ್ಟಿದ ಅಣ್ಣನ ಹಾಗಿದ್ದ. ಹೈದರಾಬಾದಿನ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಅಲ್ಲೇ ಮನೆ ಮಾಡಿದ. ಅವನು ಈಗಿಲ್ಲ. ಅವನ ಮಗಳು ಶಾಂತಾ ಹಿಮಾಯತ್‌ನಗರದ ಒಂದು ಹಳೇ ಮನೆಯ ಮಹಡಿಯಲ್ಲಿ ಸಣ್ಣ ಶಾಲೆ ನಡೆಸುತ್ತಾಳೆ. 'ಇವು ಕಲಿಯುವ ಪೈಕಿ ಅಲ್ಲ' ಎಂದು ಬೇರೆ ಶಾಲೆಯವರು ಕೈಬಿಟ್ಟ ಮಕ್ಕಳು, ಸರಾಗವಾಗಿ ಕಲಿಯುವ ಮಕ್ಕಳು, ಎಲ್ಲರೂ ಅಲ್ಲಿ ಒಂದೇ ಕೋಣೆಯಲ್ಲಿ ಕೂಡುತ್ತಾರೆ. ಅವಳು ನನಗೆ ಹನ್ನೆರಡು ಮೇಜು ಮಾಡಿಕೊಡಲು ಹೇಳಿ, ಒಂದು ಹಾಳೆಯಲ್ಲಿ ಅಳತೆ ಬರೆದು ಕಳಿಸಿದಳು.

ಹಾಳೆ ನೋಡಿ ನನಗೆ ನಗು ಬಂತು. ಹನ್ನೆರಡು ಮೇಜಿಗೆ ಹನ್ನೆರಡು ಎತ್ತರ. ಒಂದು ಇಪ್ಪತ್ತು ಇಂಚು, ಒಂದು ಇಪ್ಪತ್ತೇಳು, ಒಂದು ಮೂವತ್ತೆಂಟು. ಒಂದರ ಹಲಗೆ ಇಳಿಜಾರು ಇರಬೇಕಂತೆ. ಇನ್ನೊಂದರ ಹಲಗೆಯನ್ನು ಕೂರುವವನ ಕಡೆಗೆ, ರೊಟ್ಟಿ ಕಚ್ಚಿದ ಹಾಗೆ, ಅರ್ಧಚಂದ್ರ ಕೊಯ್ಯಬೇಕಂತೆ. ಪಾಪ, ಓದಿದ ಹುಡುಗಿ, ಟೇಪು ಹಿಡಿದು ರೂಢಿಯಿಲ್ಲ, ಅಳೆಯುವಾಗ ಮಕ್ಕಳು ಕೈ ಜಗ್ಗಿರಬೇಕು ಅಂದುಕೊಂಡೆ. ನಲವತ್ತು ವರ್ಷ ಮರ ಕೊಯ್ದವನು ನಾನು. ಗಿರಾಕಿಯ ತಪ್ಪನ್ನು ಬಾಯಿಬಿಟ್ಟು ಹೇಳದೆ ಕೆಲಸದಲ್ಲೇ ತಿದ್ದಿಕೊಡುವುದು ನಮ್ಮ ಕಸುಬಿನ ಮರ್ಯಾದೆ. ನಡುವಿನ ಒಂದು ಎತ್ತರ ಹಿಡಿದು, ಹನ್ನೆರಡನ್ನೂ ಇಪ್ಪತ್ತಾರು ಇಂಚಿಗೆ ಸರಿಸಮ ಮಾಡಿದೆ.

ಅಳತೆಗೆ ನಾನು ಟೇಪಿಗಿಂತ ನನ್ನ ಕಡ್ಡಿಯನ್ನೇ ನಂಬುವವನು. ಒಂದು ಮೊಳದ, ಅಂದರೆ ಹದಿನೆಂಟು ಇಂಚಿನ ಬೀಟೆ ಕಡ್ಡಿ ಅದು. ಇಂಚಿಗೊಂದು ಗೀರು, ನಾಲ್ಕು ಇಂಚಿಗೊಂದು ಉದ್ದ ಗೀರು, ಅಂಕಿ ಒಂದೂ ಇಲ್ಲ. ಕಸುಬು ಕಲಿಸಿದ ನನ್ನ ಸೋದರಮಾವ ಕೊಟ್ಟದ್ದು. ಅದನ್ನು ಹಿಡಿದು ಕೆಲಸ ಮುಗಿಸಿ, ಮೇಜುಗಳನ್ನು ಸಾಲಾಗಿ ನಿಲ್ಲಿಸಿ, ತುಂಬಿದ ನೀರಿನ ಲೋಟವನ್ನು ಮೊದಲನೆಯ ಮೇಜಿನಿಂದ ಹನ್ನೆರಡನೆಯದರವರೆಗೆ ಬೆರಳಲ್ಲಿ ತಳ್ಳಿಕೊಂಡು ಹೋದೆ. ಹನಿ ಚೆಲ್ಲಲಿಲ್ಲ. ಓಣಿಯವರು ಬಂದು ನೋಡಿ ಹೋದರು. ತಿಂಥಣಿ ಮೌನೇಶ್ವರನಿಗೆ ಕೈಮುಗಿದು, ಪರಿಚಯದ ಮಹಬೂಬನ ಟೆಂಪೋಕ್ಕೆ ಮೇಜು ಏರಿಸಿದೆ. ಮುಂದಿನ ಸೀಟಿನಲ್ಲಿ, ಮದುವೆಗೆ ಮಗಳನ್ನು ಕರೆದೊಯ್ಯುವ ಬೀಗನ ಹಾಗೆ ಕುಳಿತೆ.

ದಾರಿ

ಗುರುಮಠಕಲ್ ದಾಟಿದ ಮೇಲೆ ಬೋರ್ಡುಗಳು ಬದಲಾದವು. ತೆಲುಗು ಅಕ್ಷರ ವಿಚಿತ್ರ. ದೂರದಿಂದ ನಮ್ಮವೇ ಅನಿಸುತ್ತವೆ, ಹತ್ತಿರ ಹೋದರೆ ತಲೆಗೆ ಬೇರೆ ರುಮಾಲು ಸುತ್ತಿರುತ್ತವೆ. ಸಂತೆಯಲ್ಲಿ ತಮ್ಮನೆಂದು ಹೆಗಲ ಮೇಲೆ ಕೈ ಹಾಕಿ, ಅವನು ತಿರುಗಿದಾಗ ಬೇರೆಯವನಾಗಿದ್ದರೆ ಹೇಗೋ ಹಾಗೆ. ನಾಲ್ಕು ಬೋರ್ಡು ಓದಲು ನೋಡಿದೆ. ಐದನೆಯದಕ್ಕೆ ಸೋತು ಹೊಲ ನೋಡುತ್ತ ಕುಳಿತೆ. ಹತ್ತಿ, ತೊಗರಿ, ಕರಿ ನೆಲ. ಹೊಲಕ್ಕೆ ಯಾವ ಭಾಷೆಯೂ ಇಲ್ಲ.

ಹೈದರಾಬಾದಿನಲ್ಲಿ ದಾರಿ ಕೇಳುವುದು ಒಂದು ವಿದ್ಯೆ. ಅಲ್ಲಿಯವರು ಯಾರನ್ನು ಕೇಳಿದರೂ "ಸೀದಾ" ಅನ್ನುತ್ತಾರೆ. ಬಾಯಿ ಸೀದಾ ಅನ್ನುವಾಗ ಕೈ ಎಡಕ್ಕೆ ತಿರುಗಿರುತ್ತದೆ. ನಮ್ಮ ಊರಲ್ಲಿ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂದು ಹೋಗುತ್ತೇವೆ. ಇಲ್ಲಿ ಗೊತ್ತಿಲ್ಲ ಎಂದು ಅತಿಥಿಯ ಮನಸ್ಸು ನೋಯಿಸುವುದಿಲ್ಲ. ಮೂವರು ಸೇರಿ, ಚರ್ಚೆ ಮಾಡಿ, ತಪ್ಪು ದಾರಿಯನ್ನು ಬಹಳ ಪ್ರೀತಿಯಿಂದ ತೋರಿಸುತ್ತಾರೆ. ಮಹಬೂಬ ಕಡೆಗೆ ಬಾಯಿ ಕೇಳುವುದು ಬಿಟ್ಟು ಕೈ ಮಾತ್ರ ನೋಡತೊಡಗಿದ. ಆಮೇಲೆ ದಾರಿ ಸಿಕ್ಕಿತು.

ಶನಿವಾರ, ಹಿಮಾಯತ್‌ನಗರ

ಶಾಂತಾಳ ಶಾಲೆಯ ಗಲ್ಲಿಗೆ ಟೆಂಪೋ ಹಿಡಿಸಲಿಲ್ಲ. ಮೇಜುಗಳನ್ನು ಮೂಲೆಯ ಚಹಾ ಅಂಗಡಿಯ ಮುಂದೆ ಇಳಿಸಿ, ಒಂದೊಂದಾಗಿ ಹೊತ್ತೆವು. ಮೂರನೆಯದನ್ನು ಮಹಡಿಗೆ ಮುಟ್ಟಿಸಿ ಬರುವಷ್ಟರಲ್ಲಿ, ಉಳಿದ ಮೇಜುಗಳಲ್ಲಿ ಒಂದಕ್ಕೆ ಕೋಟು ಹಾಕಿದ ಒಬ್ಬ ಹಿರಿಯರು ಮೊಣಕೈ ಊರಿ, ಬಸ್ಸಿಯಲ್ಲಿ ಚಹಾ ಸುರಿದು, ಉಸ್ಮಾನಿಯಾ ಬಿಸ್ಕತ್ತು ಅದ್ದುತ್ತ ನಿಂತಿದ್ದರು.

"ಮೇಜ್ ಆಪ್‌ಕಾ ಹೈ?" ಅಂದರು.

ಹೌದೆಂದೆ. ಬೆರಳಿನಿಂದ ಹಲಗೆಯನ್ನು ತಟ್ಟಿ, ಸವರಿ, "ಸಾಗುವಾನಿ. ಕಾಮ್ ಅಚ್ಛಾ ಹೈ ಮಿಯಾ. ಹಿಲ್ತಾ ನಹೀಂ," ಅಂದರು. ಅಲುಗಾಡುವುದಿಲ್ಲ ಎಂದು ಪರದೇಶದಲ್ಲಿ ಸಿಕ್ಕ ಮೊದಲ ಸರ್ಟಿಫಿಕೇಟು. ಬಸ್ಸಿ ಊರಿದ ಗುಂಡು ಗುರುತನ್ನು ನಾನೇ ಒರೆಸಿದೆ, ಸಿಟ್ಟು ಬರಲಿಲ್ಲ.

ಎಲ್ಲ ಮೇಜು ಮಹಡಿಗೆ ಸೇರಿಸಿ, ಮಹಬೂಬ ಟೆಂಪೋ ತಿರುಗಿಸಿಕೊಂಡು ಊರಿಗೆ ಹೊರಟ ಮೇಲೆ ಶಾಂತಾ ಬಂದಳು. ಸಾಲಾಗಿ ನಿಲ್ಲಿಸಿದ್ದ ಮೇಜುಗಳನ್ನು ನೋಡಿದಳು. ನಾನು ನೀರಿನ ಲೋಟ ಕೇಳೋಣವೆಂದು ಬಾಯಿ ತೆರೆಯುತ್ತಿದ್ದೆ. ಅವಳು ಆ ತುದಿಯಿಂದ ಈ ತುದಿಗೆ ನಡೆದಳು. ಮತ್ತೆ ಆ ತುದಿಗೆ ಹೋದಳು.

"ಕಾಕಾ, ನಾ ಕಳಿಸಿದ ಹಾಳಿ ಮುಟ್ಟಿತ್ತೇನ್ರಿ?"

"ಮುಟ್ಟಿತ್ತವ್ವ. ಅಳತಿ ಒಂದಕ್ಕೊಂದು ಹೊಂದಿದ್ದಿಲ್ಲ. ಎಲ್ಲಾ ಸಮ ಮಾಡೀನಿ ನೋಡು. ಕೂದಲಿನಷ್ಟು ಫರಕು ಇಲ್ಲ."

ಅವಳು ಒಂದು ಮೇಜಿನ ಅಂಚನ್ನು ಬೆರಳಿನಿಂದ ಸವರಿದಳು. ಬೈದಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ. "ಕೆಲಸ ಭಾಳ ಚಂದ ಐತ್ರಿ ಕಾಕಾ," ಅಂದಳು. ಆಮೇಲೆ ಮೆಲ್ಲಗೆ, "ಆ ಮೂವತ್ತೆಂಟು ಇಂಚಿಂದು ಒಂದರ ಬೇಕಾಗಿತ್ತು. ಬುಧವಾರದ ಒಳಗ."

ಆಗ ತಿಳಿದದ್ದು ಇಷ್ಟು. ಶಾಲೆಯಲ್ಲಿ ರಾಜಿ ಎಂಬ ಹನ್ನೊಂದು ವರ್ಷದ ಹುಡುಗಿ ಇದ್ದಾಳೆ. ಅವಳ ತಾಯಿ ಹನುಮವ್ವ ನಮ್ಮ ಗುರುಮಠಕಲ್ ಕಡೆಯವಳು, ಗಚ್ಚಿಬೌಲಿಯ ಕಟ್ಟಡಗಳಲ್ಲಿ ಇಟ್ಟಿಗೆ ಹೊರುತ್ತಾಳೆ, ಕಾಚಿಗೂಡದ ಬಳಿ ಒಂದು ಖೋಲಿಯಲ್ಲಿ ಸಂಸಾರ. ರಾಜಿಗೆ ಕೂತರೆ ತಲೆ ಓಡುವುದಿಲ್ಲ. ಎದ್ದು ಓಡಾಡುತ್ತಾಳೆ, ಅಂಕಿ ಕಂಡರೆ ಬೆವರುತ್ತಾಳೆ. ಅದಕ್ಕಾಗಿ ಎರಡು ಶಾಲೆಗಳಿಂದ ಹೊರಬಿದ್ದಿದ್ದಾಳೆ. ಇದು ಮೂರನೆಯದು. ನಿಂತು ಬರೆಯುವ ಎತ್ತರದ ಮೇಜು ಕೊಟ್ಟರೆ ಪಾಠದಲ್ಲಿ ನಿಲ್ಲುತ್ತಾಳೆ ಎಂಬುದು ಶಾಂತಾಳ ಅಂದಾಜು.

"ಬುಧವಾರ ಅವರವ್ವ ಬರ್ತಾಳ್ರಿ. ಈಗೂ ಹುಡುಗಿ ಹಂಗ ಅದಾಳಂದ್ರ ಸಾಲಿ ಬಿಡಿಸಿ ಸೈಟಿಗೆ ಒಯ್ತೀನಿ, ತಮ್ಮನ್ನರ ಆಡಿಸ್ತಾಳ ಅಂದಾಳ," ಅಂದಳು ಶಾಂತಾ.

"ಒಂದೇ ಪಂಕ್ತಿಯೊಳಗ ಕುಂತ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ನಮೂನಿ ಬಡಿಸೋದು ಸರಿಯೇನವ್ವ? ಪಂಕ್ತಿಭೇದ ಆಗ್ತೈತಿ," ಎಂದೆ. ಸೋಲಬಾರದು ಎಂಬ ಹಟ ನನ್ನದು.

"ಸೋಮವಾರ ಬಂದು ಕುಂತು ನೋಡ್ರಿ ಕಾಕಾ," ಅಂದಳು. ಅಷ್ಟೇ.

ಭಾನುವಾರ, ರೊಟ್ಟಿ ಮತ್ತು ಹಾಲು

ನಾನು ಉಳಿದುಕೊಂಡದ್ದು ಭೀಮಣ್ಣನ ಮನೆಯಲ್ಲಿ. ಅವನ ಹೆಂಡತಿ ನನಗೆ ವೈನಿ, ಎಪ್ಪತ್ತು ದಾಟಿದವರು. ಮೂವತ್ತೈದು ವರ್ಷ ಹೈದರಾಬಾದಿನಲ್ಲಿದ್ದೂ ಮನೆಯೊಳಗೆ ಸುರಪುರವನ್ನು ಹಾಗೇ ಇಟ್ಟುಕೊಂಡಿದ್ದಾರೆ. ಹೊಸ್ತಿಲ ಆಚೆ ತರಕಾರಿಯವನ ಜತೆ ತೆಲುಗು, ಕೆಳಗಿನ ಮನೆಯ ಬೀಬಿಯ ಜತೆ ಹಿಂದಿ, ಒಳಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ ನಮ್ಮ ಮಾತು. ಚಪ್ಪಲಿಯ ಜತೆಗೇ ಭಾಷೆಯನ್ನೂ ಬಾಗಿಲಲ್ಲಿ ಬಿಡುವುದು ನನಗೆ ಹೊಸದಾಗಿ ಕಂಡಿತು.

ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ನಾನು ಇನ್ನೂ ಪಂಕ್ತಿಭೇದದ ಮಾತನ್ನೇ ಎಳೆಯುತ್ತಿದ್ದೆ. ಎಲ್ಲ ಮಕ್ಕಳೂ ಒಂದೇ ಅಂದಮೇಲೆ ಮೇಜೂ ಒಂದೇ ಇರಬೇಕು, ಪಾಠವೂ ಒಂದೇ ಇರಬೇಕು, ಇಲ್ಲವೆಂದರೆ ಮಕ್ಕಳ ಮನಸ್ಸು ಕೆಡುತ್ತದೆ, ಹೀಗೆ.

ವೈನಿ ಕೇಳುತ್ತಲೇ ಇದ್ದರು. ಶಾಂತಾ ನನ್ನ ತಾಟಿಗೆ ಮುರಿದರೆ ಟಕ್ ಎನ್ನುವ ರೊಟ್ಟಿ ಹಾಕಿದಳು. ವೈನಿಯ ಬಟ್ಟಲಿಗೆ ಅದೇ ರೊಟ್ಟಿಯನ್ನು ಪುಡಿ ಮಾಡಿ, ಬಿಸಿ ಹಾಲು ಸುರಿದು ಮುಚ್ಚಿಟ್ಟಳು.

"ಮೌನಪ್ಪ," ಅಂದರು ವೈನಿ, "ನನ್ನ ಬಾಯಾಗ ಎಷ್ಟು ಹಲ್ಲದಾವ ಹೇಳು."

"ನಾ ಹೆಂಗ ಹೇಳ್ಲಿ ವೈನಿ?"

"ಎರಡು. ಅವೂ ಒಂದಕ್ಕೊಂದು ಭೆಟ್ಟಿ ಆಗಂಗಿಲ್ಲ. ಈಗ ನಿನ್ನ ತಾಟಿನ ರೊಟ್ಟಿನ ನನಗೂ ಹಾಕಿದ್ರ ನಾ ಏನ್ ಮಾಡ್ಲಿ? ಪಂಕ್ತಿಭೇದ ಆಗಲಿಲ್ಲಂತ ಖುಷಿ ಪಡ್ಲೋ, ಉಪವಾಸ ಏಳ್ಲೋ?"

ಶಾಂತಾ ತಲೆ ತಗ್ಗಿಸಿ ನಕ್ಕಳು. ನಾನು ಎಣ್ಣೆಗಾಯಿ ಬಹಳ ರುಚಿಯಾಗಿದೆ ಎಂದೆ.

ಸೋಮವಾರ, ಕಟಕಟೆ

ತರಗತಿಯ ಹಿಂದಿನ ಬಾಗಿಲ ಬಳಿ ನನಗೊಂದು ಕುರ್ಚಿ ಹಾಕಿದರು. ಕೋರ್ಟಿನಲ್ಲಿ ಕೂತಂತೆ ಇತ್ತು. ಮಕ್ಕಳು ಹನ್ನೊಂದೇ ಬಂದರು. ಹನ್ನೆರಡನೆಯವನ ಅಪ್ಪ ಅಮ್ಮ ಕೆಲಸ ಮುಗಿಸಿ ವನಪರ್ತಿ ಕಡೆ ಹೋಗಿಬಿಟ್ಟಿದ್ದರಂತೆ. ಒಂದು ಮೇಜು ಖಾಲಿ ಉಳಿಯಿತು.

ಅಂದಿನ ಪಾಠ ಅರ್ಧ ಮತ್ತು ಕಾಲು. ನನ್ನ ಕಾಲದಲ್ಲಿ ಮಾಸ್ತರರು ಹಲಗೆಯ ಮೇಲೆ ಬರೆಯುತ್ತಿದ್ದರು, ನಾವು ಕೂಗುತ್ತಿದ್ದೆವು, ಕೂಗದವನಿಗೆ ಏಟು. ಇಲ್ಲಿ ಶಾಂತಾ ಒಂದೇ ಮಾತನ್ನು ತೆಲುಗಿನಲ್ಲಿ, ಹಿಂದಿಯಲ್ಲಿ ಹೇಳಿ, ಆಮೇಲೆ ಒಬ್ಬೊಬ್ಬರ ಬಳಿ ಹೋದಳು. ಲೆಕ್ಕದಲ್ಲಿ ಚುರುಕಾದ ಇಬ್ಬರಿಗೆ ಪುಸ್ತಕದ ಲೆಕ್ಕ ಕೊಟ್ಟಳು, ಕಷ್ಟದ್ದೇ. ಮೂವರಿಗೆ ಲೋಟ ಮತ್ತು ನೀರು. ಇಬ್ಬರಿಗೆ ಬಿಸ್ಕತ್ತು, ಮುರಿದು ತೋರಿಸಿ ಆಮೇಲೆ ತಿನ್ನಲು. ಬರೆಯಲು ಬಾರದ ಒಬ್ಬ ಹುಡುಗ ಬಾಯಲ್ಲಿ ಹೇಳಿದರೆ ಸಾಕು. ಪಾಠ ಒಂದೇ, ಬಾಗಿಲು ಮಾತ್ರ ಹಲವು. ಕೊನೆಗೆ ಎಲ್ಲರೂ ಒಂದೇ ಪ್ರಶ್ನೆಗೆ ಉತ್ತರ ಹೇಳಬೇಕು: ಅರ್ಧದ ಅರ್ಧ ಎಷ್ಟು?

ಪಾಠದಲ್ಲಿ ತಪ್ಪು ಹುಡುಕಲು ಕೂತಿದ್ದ ನನ್ನ ಕಣ್ಣು ನನ್ನ ಮೇಜುಗಳ ಮೇಲೇ ಬೀಳತೊಡಗಿತು. ಎಲ್ಲಕ್ಕಿಂತ ಸಣ್ಣ ಹುಡುಗಿಯ ಗದ್ದ ಸರಿಯಾಗಿ ಹಲಗೆಯ ಮಟ್ಟಕ್ಕೆ ಬಂದಿತ್ತು. ತಲೆಯೊಂದನ್ನೇ ಅಂಗಡಿಯಲ್ಲಿ ಮಾರಾಟಕ್ಕೆ ಇಟ್ಟ ಹಾಗೆ ಕಾಣುತ್ತಿದ್ದಳು. ದಪ್ಪ ಕನ್ನಡಕದ ಸಲೀಮ ಪುಸ್ತಕ ಕಾಣಲು ಬೆನ್ನು ಬಗ್ಗಿಸಿ ಬಗ್ಗಿಸಿ ಮೂಗಿಗೆ ಸೀಸದ ಮಸಿ ಹತ್ತಿಸಿಕೊಂಡಿದ್ದ. ಹಾಳೆಯಲ್ಲಿದ್ದ ಇಳಿಜಾರು ಹಲಗೆ ಅವನಿಗಾಗಿ. ಕೈಯಲ್ಲಿ ಬಲವಿಲ್ಲದ ಇನ್ನೊಬ್ಬನ ಮೊಣಕೈ ಜಾರಿ ಜಾರಿ ಕೆಳಗೆ ಬೀಳುತ್ತಿತ್ತು. ಅರ್ಧಚಂದ್ರ ಕೊಯ್ದಿದ್ದರೆ ಮೇಜಿನೊಳಗೆ ಸೇರಿ ಕೂತು, ಎರಡೂ ಮೊಣಕೈ ಊರಬಹುದಿತ್ತು. ಹಾಳೆಯ ಒಂದೊಂದು ಅಂಕಿಯೂ ಒಂದೊಂದು ಮುಖವಾಗಿ ನನ್ನ ಮುಂದೆ ಕೂತಿತ್ತು.

ರಾಜಿ ಕಿಟಕಿಯ ಬಳಿ. ಎರಡು ಜಡೆ, ಉದ್ದ ಕಾಲು. ಕೂತಳು, ಎದ್ದಳು. ನೀರು ಕುಡಿಯಲು ಎದ್ದಳು, ಪೆನ್ಸಿಲು ಬಿತ್ತೆಂದು ಎದ್ದಳು, ಬೀಳದಿದ್ದರೂ ಎದ್ದಳು. ಒಂದು ತಾಸಿನಲ್ಲಿ ಹನ್ನೊಂದು ಸಲ. ನಾನು ಎಣಿಸಿದೆ. ಹನ್ನೆರಡನೆಯ ಸಲ ಎದ್ದು ನನ್ನ ಬಳಿಗೇ ಬಂದಳು. ಕುರ್ಚಿಯ ಕೆಳಗಿನ ನನ್ನ ಚೀಲದಿಂದ ಕಡ್ಡಿಯ ತುದಿ ಹೊರಗೆ ಚಾಚಿತ್ತು.

"ಇದೇನ್ರಿ ತಾತಾ?"

"ಅಳಿಯೋ ಕಡ್ಡಿ."

"ನಂಬರ್ ಇಲ್ಲ."

"ಬೇಕಾಗಿಲ್ಲ. ಗೀರು ಎಣಿಸಬೇಕು."

ಅವಳು ಕಡ್ಡಿ ತೆಗೆದುಕೊಂಡು ಬಾಗಿಲ ಚೌಕಟ್ಟಿಗೆ ಹಿಡಿದಳು. ತುದಿಗೆ ಉಗುರಿನಿಂದ ಗುರುತು ಮಾಡಿ, ಅಲ್ಲಿಂದ ಮತ್ತೆ ಹಿಡಿದಳು. ಹಾಗೆ ಮಾಡಬೇಕೆಂದು ನಾನು ಹೇಳಿರಲಿಲ್ಲ. ಶಾಂತಾ ದೂರದಿಂದ ನೋಡಿದಳು, ಕರೆಯಲಿಲ್ಲ.

"ಎರಡು ಕಡ್ಡಿ. ಒಂದು ಉದ್ದ ಗೀರು. ಎರಡು ಸಣ್ಣವು," ಅಂದಳು ರಾಜಿ ಬಾಗಿಲ ಅಗಲ ಮುಗಿಸಿ. ನಾನೂ ಅಳೆದೆ. ಸರಿಯಾಗಿತ್ತು.

"ಇದರ ಅರ್ಧ?" ಅಂದೆ, ಹಾಗೇ ಬಾಯಿಗೆ ಬಂದದ್ದು.

ಅವಳು ಕಣ್ಣು ಮುಚ್ಚಿ, ಬೆರಳಿನಿಂದ ಗೀರುಗಳನ್ನು ಸವರುತ್ತ ಬಹಳ ಹೊತ್ತು ನಿಂತಳು. "ಒಂದು ಕಡ್ಡಿ, ಮೂರು ಸಣ್ಣವು."

ಅವಳು ಬೆವರಿರಲಿಲ್ಲ. ನಾನೇ ಬೆವರಿದ್ದೆ.

ಮಧ್ಯಾಹ್ನ ಶಾಂತಾಳಿಗೆ, "ಹಾಳಿ ಎಲ್ಲೈತಿ? ಇನ್ನೊಮ್ಮೆ ಕೊಡು," ಎಂದೆ. ಅವಳು ಏನೂ ಕೇಳದೆ ಕೊಟ್ಟಳು. ಏನೂ ಕೇಳದ ಆ ಒಳ್ಳೆಯತನ ನನ್ನಂಥವನಿಗೆ ಏಟಿಗಿಂತ ಜೋರು.

ಮಂಗಳವಾರ, ಮಾಳಿಗೆ

ಶಾಲೆಯ ಮೇಲಿನ ತೆರೆದ ಮಾಳಿಗೆಯಲ್ಲಿ, ಜತೆಗೆ ತಂದಿದ್ದ ಗರಗಸ, ಉಳಿ ಹರಡಿಕೊಂಡೆ. ಮರದ ಕೆಲಸದಲ್ಲಿ ಗಿಡ್ಡ ಮಾಡುವುದು ಸುಲಭ, ಉದ್ದ ಮಾಡುವುದು ಬ್ರಹ್ಮವಿದ್ಯೆ. ನಾನೇ ನುಣುಪು ಮಾಡಿದ ಕಾಲಿಗೆ ನಾನೇ ಗರಗಸ ಇಡುವಾಗ ಮೊದಲ ಸಲ ಕೈ ನಿಂತಿತು. ಆಮೇಲೆ ಆ ಸಣ್ಣ ಹುಡುಗಿಯ ಗದ್ದ ನೆನಪಾಗಿ ಎಳೆದುಬಿಟ್ಟೆ.

ಶಾಂತಾ ಆ ದಿನದ ಪಾಠವನ್ನು ಮಾಳಿಗೆಗೇ ತಂದಳು. ಮೇಜಿನ ಕಾಲೇ ಪಾಠ. ಒಂದೊಂದು ಮಗುವನ್ನೂ ಕೂರಿಸಿ ಅಳೆಯುವುದು. ಚುರುಕಾದವರು ಅಂಕಿ ಬರೆದು ಕಳೆಯುವ ಲೆಕ್ಕ ಮಾಡಿದರು. ಸಲೀಮ ದಾರ ಹಿಡಿದ. ಬರೆಯಲು ಬಾರದವನು ಹೆಸರು ಕೂಗಿದ. ರಾಜಿ ಕಡ್ಡಿ ಇಟ್ಟು, ಎಲ್ಲಿ ಕೊಯ್ಯಬೇಕೋ ಅಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಳು. ಕೊಯ್ಯುವ ಮುಂಚೆ ನಾನು ಟೇಪು ಹಿಡಿದು ನೋಡಿದೆ. ಮೊದಲ ಎರಡು ಕಾಲಿಗೆ ಮಾತ್ರ. ಮೂರನೆಯದಕ್ಕೆ ನೋಡಲಿಲ್ಲ.

ಗಿಡ್ಡ ಮಾಡಿದ ಮೇಜುಗಳಿಂದ ಬಿದ್ದ ತುಂಡುಗಳು ಎತ್ತರ ಬೇಕಾದ ಮೇಜುಗಳ ಪಾದವಾದವು. ಸಣ್ಣ ಹುಡುಗಿಗೆ ಬೇಡವಾದ ಆರು ಇಂಚು ಬೇರೆ ಮಕ್ಕಳಿಗೆ ಹಂಚಿಹೋಯಿತು. ಸಲೀಮನ ಹಲಗೆಗೆ ಇಳಿಜಾರು ಕೊಟ್ಟೆ, ಇನ್ನೊಂದರಲ್ಲಿ ಅರ್ಧಚಂದ್ರ ಕೊಯ್ದೆ. ರಾಜಿಯ ಮೇಜಿಗೆ ಮಾತ್ರ ಹೊಸ ಕಾಲೇ ಬೇಕಾಯಿತು. ಮಾಳಿಗೆಯ ಮೂಲೆಯಲ್ಲಿ ಮುರಿದ ಹಳೇ ಬಾಗಿಲ ಚೌಕಟ್ಟು ಬಿದ್ದಿತ್ತು, ನಿಜಾಮರ ಕಾಲದ್ದಿರಬೇಕು, ಕಬ್ಬಿಣದಂಥ ಸಾಗುವಾನಿ. ಮನೆಯ ಮಾಲೀಕರನ್ನು ಕೇಳಿದರೆ "ಪಾಂಚ್ ಮಿನಿಟ್ ಮೇ ಬೋಲ್ತೂಂ" ಅಂದರು. ಹೈದರಾಬಾದಿನ ಐದು ನಿಮಿಷ ನಮ್ಮ ಕಡೆಯ "ನಾಳೆ ಬಾ" ಇದ್ದ ಹಾಗೆ. ಊಟವಾಗಿ, ನಿದ್ದೆಯಾಗಿ, ಚಹಾ ಆದ ಮೇಲೆ ಒಪ್ಪಿಗೆ ಬಂತು. ಅದರಲ್ಲಿ ನಾಲ್ಕು ಕಾಲು ತೆಗೆದೆ. ಮಿಕ್ಕಿದ್ದರಲ್ಲಿ ಒಂದು ಎತ್ತರದ ಸ್ಟೂಲು. ಹನ್ನೆರಡನೆಯ ಮೇಜಿಗೆ ಹುಡುಗನೇ ಇಲ್ಲವಲ್ಲ, ಅದನ್ನು ಹಾಗೇ ಬಿಟ್ಟೆ.

ಬುಧವಾರ, ಹನುಮವ್ವ

ಬೆಳಗಿನ ಪಾಠ ಶುರುವಾಗಿತ್ತು. ಹನುಮವ್ವ ಬಾಗಿಲಲ್ಲಿ ನಿಂತಳು. ಸೀರೆಯ ಮೇಲೆ ಗಂಡಸರ ಅಂಗಿ, ಕಂಕುಳಲ್ಲಿ ಮಗು, ಹಿಮ್ಮಡಿಯಲ್ಲಿ ಸಿಮೆಂಟಿನ ಬಿಳುಪು. ಕೋಣೆಯನ್ನೆಲ್ಲ ಒಮ್ಮೆ ನೋಡಿದಳು. ಹತ್ತು ಮಕ್ಕಳು ಕೂತಿದ್ದರು. ರಾಜಿ ಒಬ್ಬಳೇ ಎತ್ತರದ ಮೇಜಿನ ಮುಂದೆ ನಿಂತಿದ್ದಳು.

"ಟೀಚರ್, ನನ್ನ ಮಗಳನ್ನ ನಿಲ್ಲಿಸೀರಿ."

"ನಿಲ್ಲಿಸಿಲ್ಲ ಹನುಮವ್ವ. ಆಕಿ ಮೇಜ ಹಂಗೈತಿ, ನಿಂತು ಬರಿಯೋದು."

"ನನಗ ಓದು ಬರಂಗಿಲ್ರಿ, ಕಣ್ಣು ಕಾಣ್ತಾವ. ಎಲ್ಲಾರೂ ಕುಂತಾರ, ಈಕಿ ನಿಂತಾಳ." ದನಿ ಏರಲಿಲ್ಲ, ಅದೇ ಕಷ್ಟವಾಗಿತ್ತು. "ಹುಟ್ಟಿದಾಗಿಂದ ನಿಂತ ದುಡದೀನಿ ನಾ. ಬುಟ್ಟಿ ಹೊತ್ತು ನಿಂತೀನಿ, ಪಗಾರಕ್ಕ ನಿಂತೀನಿ, ನಳದ ಮುಂದ ನಿಂತೀನಿ. ನನ್ನ ಮಗಳರ ನೆಳ್ಳಾಗ ಕುಂತು ನಾಕಕ್ಷರ ಕಲೀಲಿ ಅಂತ ಇಲ್ಲಿ ಬಿಟ್ಟೆ. ನಿಲ್ಲಾಕ ಸಾಲಿ ಯಾಕ ಬೇಕ್ರಿ? ಸೈಟಿನ್ಯಾಗ ನಿಲ್ತಾಳ ತಗೋರಿ. ರಾಜಿ, ನಡಿ."

ರಾಜಿ ಪುಸ್ತಕ ಮುಚ್ಚಿದಳು.

ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನ್ನ ಹಳೆಯ ಹಟ ಒಂದು ಸಲ ತಲೆ ಎತ್ತಿತು. ಇವಳು ನನ್ನ ಮಾತನ್ನೇ ಆಡುತ್ತಿದ್ದಾಳೆ. 'ನಾನೂ ಹೀಗೇ ಅಂದಿದ್ದೆ, ಎಲ್ಲ ಸಮ ಮಾಡಿ ತಂದಿದ್ದೆ' ಎಂದು ಒಂದು ಮಾತು ಅಂದರೆ ಸಾಕಿತ್ತು. ನನ್ನ ಕೆಲಸ ಸರಿ, ಶಾಂತಾಳ ಹಾಳೆ ತಪ್ಪು ಎಂದಾಗುತ್ತಿತ್ತು. ಆದರೆ ಹುಡುಗಿ ತಾಯಿಯ ಹಿಂದೆ ಮೆಟ್ಟಿಲು ಇಳಿದು ಹೋಗಿಬಿಡುತ್ತಿದ್ದಳು.

"ತಂಗಿ, ಸ್ವಲ್ಪ ನಿಲ್ಲು," ಅಂದೆ.

"ನೀವ್ಯಾರ್ರಿ?"

"ಸುರಪುರದ ಬಡಿಗೇರ. ಈ ಮೇಜು ಮಾಡಿದಾಂವ. ನೀ ಹೇಳಿದ್ದ ನಾನೂ ಹೇಳಿದ್ದೆ. ಟೀಚರ್ ಬರದು ಕಳಿಸಿದ ಅಳತಿ ಬಿಟ್ಟು, ಜಾಣ ಆಗಾಕ ಹೋಗಿ ಎಲ್ಲಾ ಒಂದ ಎತ್ತರ ಮಾಡಿ ತಂದೆ. ತಪ್ಪು ನಂದು." ಹನ್ನೊಂದು ಮಕ್ಕಳ ಮುಂದೆ, ಶಾಂತಾಳ ಮುಂದೆ ಈ ಮಾತು ಹೊರಬರಲು ನಾಲ್ಕು ದಿನ ಬೇಕಾಯಿತು. "ಸೋಮವಾರ ನಿನ್ನ ಮಗಳು ಆ ಸಮ ಮೇಜಿನ್ಯಾಗ ಕುಂತಿದ್ಲು. ತಾಸಿನ್ಯಾಗ ಹನ್ನೊಂದು ಸಲ ಎದ್ಲು. ಒಂದು ಅಕ್ಷರ ಬರೀಲಿಲ್ಲ."

"ಅದನ್ನ ನಾನೂ ಹೇಳಾಕತ್ತೀನಿ. ಆಕಿಗೆ ಬರಂಗಿಲ್ಲ."

"ಕೇಳು. ನಾ ನಾಕನೇತ್ತಿಗೆ ಸಾಲಿ ಬಿಟ್ಟಾಂವ. ಬಿಟ್ಟೆ ಅಂತ ಊರಾಗ ಹೇಳ್ತೀನಿ, ಖರೇ ಅಂದ್ರ ಓಡಿಬಂದೆ. ಅಂಕಿ ನೋಡಿದ್ರ ನನ್ನ ಕಣ್ಣ ಮುಂದ ಅವು ಕುಣೀತಿದ್ವು. ಮಗ್ಗಿ ಬರಲಿಲ್ಲಂತ ಮಾಸ್ತರ್ರು ದಿನಾ ಬೆಂಚಿನ ಮ್ಯಾಲೆ ನಿಲ್ಲಸ್ತಿದ್ರು. ಎಲ್ಲಾರೂ ನಗ್ತಿದ್ರು. ಆಮ್ಯಾಲೆ ಸೋದರಮಾವ ತನ್ನ ಅಂಗಡಿಯಾಗ ನಿಲ್ಲಿಸ್ಕೊಂಡ, ಅಂಕಿ ಇಲ್ಲದ ಒಂದು ಕಡ್ಡಿ ಕೊಟ್ಟ. ಅಲ್ಲೂ ದಿನಾಪೂರ್ತಿ ನಿಂತೆ. ಆದ್ರ ಕಲತೆ. ನಿಲ್ಲಿಸೋದು ಬ್ಯಾರೆ, ನಿಲ್ಲಾಕ ಬಿಡೋದು ಬ್ಯಾರೆ, ತಂಗಿ."

ಹನುಮವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕಾಲು ಸೋತ್ರ?"

ನಾನು ಸ್ಟೂಲು ಎಳೆದು ಮೇಜಿನ ಬಳಿ ಇಟ್ಟೆ. "ಕುಂಡ್ರಬೇಕು ಅನಿಸಿದಾಗ ಇದರ ಮ್ಯಾಲೆ. ಯಾರೂ ನಿಲ್ಲು ಅನ್ನಂಗಿಲ್ಲ, ಯಾರೂ ಕುಂಡ್ರು ಅನ್ನಂಗಿಲ್ಲ."

ಶಾಂತಾ ಆಗ ಒಂದೇ ಮಾತು ಅಂದಳು. "ಒಂದು ತಾಸು ಕುಂತು ನೋಡ್ರಿ ಹನುಮವ್ವ. ಆಮ್ಯಾಲೆ ಕರಕೊಂಡು ಹೋಗ್ತೀನಿ ಅಂದ್ರ ಹೋಗ್ರಿ."

"ಎಲ್ಲಿ ಕುಂಡ್ರಲಿ?"

ಖಾಲಿ ಇದ್ದದ್ದು ಒಂದೇ ಮೇಜು, ಯಾರಿಗೂ ಹೊಂದದೆ ಉಳಿದ ನನ್ನ ಇಪ್ಪತ್ತಾರು ಇಂಚಿನದು. ಹನುಮವ್ವ ಅದರ ಮುಂದೆ ಕುಳಿತು, ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಮೊಣಕೈಯನ್ನು ಹಲಗೆಯ ಮೇಲೆ ಊರಿದಳು. ಅಳತೆ ತೆಗೆದು ಮಾಡಿದಂತೆ ಹೊಂದಿತು. ಅಂಗೈಯಿಂದ ಹಲಗೆಯನ್ನು ಒಮ್ಮೆ ಸವರಿದಳು.

ಆ ತಾಸಿನ ಪಾಠ ಕೋಣೆಯ ಎರಡು ಕಿಟಕಿಗಳ ಅಳತೆ. ಕೆಲವರು ಟೇಪು ಹಿಡಿದು ಪುಸ್ತಕದಲ್ಲಿ ಬರೆದರು. ರಾಜಿ ಕಡ್ಡಿ ಹಿಡಿದು ಒಂದು ಕಿಟಕಿ ಅಳೆದಳು, ಮೇಜಿಗೆ ಬಂದು ಗೀರುಗಳ ಚಿತ್ರ ಬರೆದಳು, ಮತ್ತೊಂದು ಕಿಟಕಿಗೆ ಹೋದಳು. ಓಡಾಟ ಅದೇ ಹಳೆಯದೇ. ಈಗ ಅದಕ್ಕೊಂದು ಕೆಲಸ ಸಿಕ್ಕಿತ್ತು. ಕೊನೆಗೆ ಶಾಂತಾ, ಯಾವ ಕಿಟಕಿ ದೊಡ್ಡದು ಎಂದು ಎಲ್ಲರನ್ನೂ ಕೇಳಿದಳು. ಒಂದನ್ನು ಅಳೆದು ಇನ್ನೊಂದಕ್ಕೂ ಅದನ್ನೇ ಬರೆದಿದ್ದ ಟೇಪಿನವರು ಎರಡೂ ಒಂದೇ ಎಂದರು.

"ಒಂದ ಅಲ್ಲ," ಅಂದಳು ರಾಜಿ. "ಬಲಗಡೆದು ಒಂದು ಗೀರು ಕಮ್ಮಿ."

ನಾನು ಎದ್ದು ಅಳೆದೆ. ಟೇಪಿನ ಮಕ್ಕಳು ಮತ್ತೆ ಅಳೆದರು. ಬಲಗಡೆಯದು ಒಂದು ಇಂಚು ಕಡಿಮೆ ಇತ್ತು. ಹಳೇ ಮನೆಯ ಯಾವ ಗೌಂಡಿ ಗೋಡೆ ಕಟ್ಟುವಾಗ ಮಾಡಿದ ತಪ್ಪೋ, ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹನುಮವ್ವ ಮೆಲ್ಲಗೆ ಎದ್ದಳು. ಬಾಗಿಲಲ್ಲಿ ಮಗುವನ್ನು ಕಂಕುಳಿಗೆ ಏರಿಸಿಕೊಳ್ಳುತ್ತ, "ಟೀಚರ್, ಇನ್ನ ಮ್ಯಾಲೆ ನನ್ನ ಕರೀಬ್ಯಾಡ್ರಿ. ಒಂದೊಂದು ಸಲ ಬಂದ್ರ ಒಂದೊಂದು ಕೂಲಿ ಹೋಗ್ತೈತಿ," ಅಂದಳು. ರಾಜಿಯನ್ನು ನೋಡಿ, "ಸಂಜಿ ಮುಂದ ಸೀದಾ ಮನಿಗಿ ಬಾ," ಎಂದು ಒಬ್ಬಳೇ ಮೆಟ್ಟಿಲು ಇಳಿದಳು.

ಗುರುವಾರ, ಕಾಚಿಗೂಡ

ರಾಯಚೂರಿನ ಕಡೆಯ ಗಾಡಿಗೆ ಕಾಚಿಗೂಡ ಸ್ಟೇಷನ್ನಿಗೆ ಬಂದೆ. ವೈನಿ ದಾರಿಗೆಂದು ಕೊಟ್ಟ ಬುತ್ತಿಯಲ್ಲಿ ಕಡಕ್ ರೊಟ್ಟಿ, ಜತೆಗೆ ಒಂದು ಸಣ್ಣ ಬಾಟಲಿ ಹಾಲು. "ಇನ್ನ ಸ್ವಲ್ಪ ದಿನಕ್ಕ ನಿನಗೂ ಬೇಕಾಗ್ತೈತಿ, ರೂಢಿ ಮಾಡ್ಕೋ," ಎಂದಿದ್ದರು. ಆ ಸ್ಟೇಷನ್ನಿನ ಗುಮ್ಮಟ, ಕಮಾನುಗಳನ್ನು ನೋಡುತ್ತ ನಿಂತೆ. ಎದುರಿನ ಎರಡು ಕಮಾನು ಸಮ ಇವೆಯೇ ಎಂದು ಅಳೆಯುವ ಆಸೆಯಾಗಿ ಚೀಲಕ್ಕೆ ಕೈ ಹಾಕಿದೆ. ಕಡ್ಡಿ ಇರಲಿಲ್ಲ. ಅದನ್ನು ರಾಜಿಗೆ ಕೊಟ್ಟು ಬಂದದ್ದು ಆಮೇಲೆ ನೆನಪಾಯಿತು. ನಲವತ್ತು ವರ್ಷದಲ್ಲಿ ಮೊದಲ ಸಲ ಚೀಲ ಹಗುರವಾಗಿತ್ತು. ಗಾಡಿಯಲ್ಲಿ ಕಿಟಕಿ ಪಕ್ಕ ಕೂತು, ತೆಲುಗು ಬೋರ್ಡು ಓದಲು ಇನ್ನೊಮ್ಮೆ ನೋಡಿದೆ. ಎರಡು ಅಕ್ಷರ ಸಿಕ್ಕವು.

ಊರಿಗೆ ಬಂದ ಮೇಲೆ

ಮನೆಗೆ ಬಂದ ಮರುದಿನವೇ ಹೊಸ ಕಡ್ಡಿ ಮಾಡಿಕೊಂಡೆ. ಎರಡು ವಾರ ಕಳೆದಿರಬೇಕು, ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹಿಂದೆ ಯಂತ್ರದ ಗದ್ದಲ.

"ಬಡಿಗೇರ ಅಣ್ಣಾರ, ನಾ ಹನುಮವ್ವ. ಟೀಚರ್ ಕಡಿಂದ ನಿಮ್ಮ ನಂಬರ್ ಇಸ್ಕೊಂಡೆ. ನಿಮ್ಮ ಕಡ್ಡಿ ದೆಸಿಯಿಂದ ನನಗ ತಾಪತ್ರಯ ಆಗೈತ್ರಿ."

"ಏನಾತು ತಂಗಿ?"

"ಇವತ್ತು ಸಾಲಿ ಸೂಟಿ ಇತ್ತು. ಹುಡುಗಿನ ಸೈಟಿಗೆ ಕರಕೊಂಡು ಬಂದಿದ್ದೆ. ಬಂದಾಕಿನ ಆ ಕಡ್ಡಿ ಹಿಡಕೊಂಡು ಬಾಗಿಲ ಅಳದ್ಲು, ಕಿಡಕಿ ಅಳದ್ಲು. ದೊಡ್ಡ ಗೌಂಡಿ ಮುಂದ ನಿಂತು, ನೀ ಕಟ್ಟಿದ ಎರಡು ಕಿಡಕಿ ಸಮ ಇಲ್ಲ ಅಂದಾಳ. ಅಂವ ನನ್ನ ಮ್ಯಾಲೆ ಸಿಟ್ಟಾಗ್ಯಾನ."

ನನಗೆ ನಗು ತಡೆಯಲಾಗಲಿಲ್ಲ. "ಹುಡುಗಿ ಹೇಳಿದ್ದು ಖರೇ ಐತೇನು?"

ಹನುಮವ್ವ ದನಿ ತಗ್ಗಿಸಿದಳು, ಪಕ್ಕದಲ್ಲೇ ಗೌಂಡಿ ಇದ್ದನೇನೋ.

"ಅಂವ ಚಾ ಕುಡ್ಯಾಕ ಹೋದಾಗ ನಾನೂ ಕಡ್ಡಿ ಇಟ್ಟು ಎಣಿಸಿದೆ ಅಣ್ಣಾರ. ಎರಡು ಗೀರು ಫರಕೈತಿ."